ಸುರಂಗ ಬಂತೆಂದರೆ ಎದೆ ಡವಡವ

ಪ್ರಶ್ನೆ: ನಮ್ಮ ಮನೆ ವಿಜಯನಗರ, ಕೆಲಸ ಎಂ.ಜಿ. ರಸ್ತೆಯಲ್ಲಿ. ಮೆಟ್ರೋದಲ್ಲಿ ಮಾಗಡಿ ರಸ್ತೆವರೆಗೆ ಆರಾಮಾಗಿ ಬರುತ್ತೇನೆ. ಅಲ್ಲಿಂದ ರೈಲು ನೆಲದೊಳಗೆ ಇಳಿಯುತ್ತಿದ್ದಂತೆ ಎದೆ ಡವಡವ, ಅಂಗೈ ಬೆವರು, ಉಸಿರೇ ಸಾಲುವುದಿಲ್ಲ. ಒಂದು ದಿನ ಮೆಜೆಸ್ಟಿಕ್ ಹತ್ತಿರ ಸುರಂಗದಲ್ಲೇ ನಿಂತುಬಿಟ್ಟಿತು. ಎರಡು ನಿಮಿಷ ಇರಬೇಕು ಅಷ್ಟೇ, ನನಗೆ ಜೀವ ಬಾಯಿಗೆ ಬಂತು. ಆವತ್ತಿನಿಂದ ಮಾಗಡಿ ರಸ್ತೆಯಲ್ಲೇ ಇಳಿದು ಬಸ್ಸಿಗೆ ಕಾಯುತ್ತೇನೆ. ದಿನಾ ಲೇಟು. ಮನೆಯಲ್ಲಿ "ಚಿಕ್ಕ ಮಕ್ಕಳೇ ಓಡಾಡ್ತವೆ, ನಿಂದೇನು?" ಅಂತಾರೆ. ಇದಕ್ಕೆ ದಾರಿ ಇದೆಯಾ ಮೇಡಂ?

ಉತ್ತರ: ಇದೆ. ಮನೆಯವರ ಆ ಮಾತನ್ನು ಮೊದಲು ಪಕ್ಕಕ್ಕಿಡಿ. ನಿಮಗೆ ಆಗುತ್ತಿರುವುದು ನಾಟಕವಲ್ಲ. ನನ್ನ ಚಿಕ್ಕಮ್ಮನಿಗೂ ಹೀಗೇ ಆಗುತ್ತಿತ್ತು. ಅವರ ಜೊತೆ ಎಷ್ಟೋ ಸಲ ಇದೇ ದಾರಿಯಲ್ಲಿ ಹೋಗಿದ್ದೇನೆ. ಕಿಟಕಿಯಲ್ಲಿ ಬಿಸಿಲು, ಕಟ್ಟಡ ಎಲ್ಲ ಕಾಣುತ್ತಾ ಇದ್ದು, ತಟ್ಟನೆ ಗಾಜು ಕಪ್ಪಾಗಿ ಅದರಲ್ಲಿ ನಮ್ಮ ಮುಖವೇ ಕಾಣುತ್ತದಲ್ಲ, ಸದ್ದೂ ಜೋರಾಗುತ್ತದಲ್ಲ, ಸರಿಯಾಗಿ ಅಲ್ಲೇ ಅವರು ನನ್ನ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದರು.

ಆಗ ಮೈಯೊಳಗೆ ಏನಾಗುತ್ತದೆ ಗೊತ್ತಾ? ಭಯಕ್ಕೆ ನಾವು ಬೇಗ ಬೇಗ ಉಸಿರಾಡುತ್ತೇವೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಬೆರಳು ಜುಮ್ ಅನ್ನುವುದು, ತಲೆ ಸುತ್ತುವುದು ಅದರಿಂದ. ಗಾಳಿ ಸಾಲದೆ ಅಲ್ಲ, ಜಾಸ್ತಿ ಎಳೆದುಕೊಂಡಿದ್ದರಿಂದ! ಸುರಂಗಕ್ಕೆ ಹೊರಗಿನ ಗಾಳಿ ತರಲು ದೊಡ್ಡ ಫ್ಯಾನುಗಳೇ ಇವೆ. ಹಾಗಾಗಿ ಉಸಿರು ಬಿಡುವುದನ್ನು ನಿಧಾನ ಮಾಡಿ. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಇಂಥ ಭಯ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಆಮೇಲೆ ತಾನಾಗಿ ಇಳಿಯುತ್ತದೆ. ತುದಿಯಲ್ಲಿದ್ದಾಗಲೇ ಇಳಿದು ಓಡಿದರೆ, "ಓಡಿದ್ದಕ್ಕೇ ಬದುಕಿದೆ" ಅಂತ ಮೈ ಕಲಿತುಬಿಡುತ್ತದೆ. ಮಾಗಡಿ ರಸ್ತೆಯಲ್ಲಿ ಇಳಿಯುವ ಅಭ್ಯಾಸ ದಿನೇ ದಿನೇ ಗಟ್ಟಿಯಾಗುತ್ತಿರುವುದು ಇದಕ್ಕೇ.

ಇನ್ನು ದಾರಿಯನ್ನು ಸರಿಯಾಗಿ ತಿಳಿದುಕೊಳ್ಳಿ. 2016ರಲ್ಲಿ ಶುರುವಾದ ಈ ಸುರಂಗ ಐದು ಕಿಲೋಮೀಟರಿಗಿಂತ ಸ್ವಲ್ಪ ಕಡಿಮೆ. ನೆಲದಡಿ ಇರುವುದು ಐದೇ ನಿಲ್ದಾಣ: ಸಿಟಿ ರೈಲ್ವೆ ನಿಲ್ದಾಣ, ಮೆಜೆಸ್ಟಿಕ್, ಸೆಂಟ್ರಲ್ ಕಾಲೇಜು, ವಿಧಾನಸೌಧ, ಕಬ್ಬನ್ ಪಾರ್ಕ್. ಎಂ.ಜಿ. ರಸ್ತೆಗೆ ಬರುವಷ್ಟರಲ್ಲಿ ಮತ್ತೆ ಬೆಳಕು. ಎರಡೆರಡು ನಿಮಿಷಕ್ಕೆ ಒಂದು ಬಾಗಿಲು ತೆರೆಯುತ್ತದೆ ಅಂದುಕೊಳ್ಳಿ. ನಡುವೆ ನಿಂತರೆ, ಸಾಮಾನ್ಯವಾಗಿ ನಿಮಗಿಂತ ಮುಂದೆ ಹೋದ ರೈಲು ಇನ್ನೂ ಪ್ಲಾಟ್‌ಫಾರಂ ಬಿಟ್ಟಿಲ್ಲ ಅಂತ ಅರ್ಥ. ಸಿಗ್ನಲ್ ನಿಮ್ಮ ರೈಲನ್ನು ದೂರದಲ್ಲೇ ತಡೆದಿರುತ್ತದೆ, ಅದು ನಿಮ್ಮ ಸುರಕ್ಷತೆಗೇ. ತೀರಾ ಕಷ್ಟವಾದರೆ ಬಾಗಿಲ ಹತ್ತಿರದ ಗುಂಡಿ ಒತ್ತಿ ಚಾಲಕರ ಜೊತೆ ಮಾತಾಡಬಹುದು. ನಿಮ್ಮ ಬೋಗಿಯಲ್ಲಿ ಅದು ಎಲ್ಲಿದೆ ಅಂತ ಇವತ್ತೇ ನೋಡಿಟ್ಟುಕೊಳ್ಳಿ. ಸುರಂಗದ ಪಕ್ಕದಲ್ಲಿ ನಡೆದು ಹೋಗಲು ಕಟ್ಟೆಯೂ ಇದೆ.

ಅಭ್ಯಾಸವನ್ನು ಆಫೀಸಿನ ರಶ್ಶಿನಲ್ಲಿ ಶುರು ಮಾಡಬೇಡಿ. ಭಾನುವಾರ ಬೆಳಿಗ್ಗೆ ಮಾಗಡಿ ರಸ್ತೆಯಿಂದ ಒಂದೇ ನಿಲ್ದಾಣ ಹೋಗಿ. ಪ್ಲಾಟ್‌ಫಾರಂ ಮೇಲೆ ಎದೆಬಡಿತ ಇಳಿಯುವ ತನಕ ಕೂತಿರಿ, ಆಮೇಲೆ ವಾಪಸ್ ಬನ್ನಿ. ಅದೇ ಒಂದು ನಿಲ್ದಾಣವನ್ನು ನಾಲ್ಕೈದು ಸಲ ಮಾಡಿ, ಬೇಜಾರು ಬರುವಷ್ಟು. ಆಮೇಲೆ ಮೆಜೆಸ್ಟಿಕ್. ಯಾವತ್ತಾದರೂ ತಡೆಯಲಾರದೆ ನಡುವೆ ಇಳಿದಿರಾ, ಪರವಾಗಿಲ್ಲ. ಮೇಲೆ ಹೋಗಿ ಆಟೋ ಹಿಡಿಯಬೇಡಿ, ಅಲ್ಲೇ ಕೂತು ಮುಂದಿನ ರೈಲು ಹತ್ತಿ. ನಮ್ಮ ಚಿಕ್ಕಮ್ಮನಿಗೆ ಎರಡು ತಿಂಗಳು ಹಿಡಿಯಿತು.

ಒಮ್ಮೆ ಡಾಕ್ಟರಿಗೂ ತೋರಿಸಿ, ಥೈರಾಯ್ಡ್ ಏರುಪೇರಾದರೂ ಎದೆ ಹೀಗೆ ಹೊಡೆದುಕೊಳ್ಳುತ್ತದೆ. ಲಿಫ್ಟು, ಸಿನಿಮಾ ಹಾಲಿಗೂ ಈ ಭಯ ಹಬ್ಬಿದ್ದರೆ ಒಬ್ಬರೇ ಒದ್ದಾಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವಾಗ ಬೇಕಾದರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಪ್ರಶ್ನೆ: ನಮ್ಮ ಯಜಮಾನರಿಗೆ ಮೆಟ್ರೋದ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ ದಾಟುವಾಗ ಹೀಗಾಗುತ್ತದೆ. ಪಕ್ಕದಲ್ಲಿ ಕೂತ ನಾನು ಏನು ಮಾಡಲಿ?

ಉತ್ತರ: "ಏನೂ ಆಗಲ್ಲ ಬಿಡಿ" ಅನ್ನಬೇಡಿ, ಅವರಿಗೆ ಆಗುತ್ತಾ ಇದೆ. "ನಾನಿದ್ದೇನೆ, ಮುಂದಿನದು ಮಾರ್ಕೆಟ್, ಅದಾದ ಮೇಲೆ ನ್ಯಾಷನಲ್ ಕಾಲೇಜು, ಅಲ್ಲಿ ಬೆಳಕು" ಅಂತ ಮೆಲ್ಲಗೆ ಹೇಳಿ. ಕೈ ಹಿಡಿಯಲಾ ಅಂತ ಕೇಳಿ ಹಿಡಿಯಿರಿ, ಕೆಲವರಿಗೆ ಆ ಹೊತ್ತಿನಲ್ಲಿ ಮುಟ್ಟಿದರೆ ಇನ್ನೂ ಉಸಿರು ಕಟ್ಟುತ್ತದೆ. ಸುತ್ತ ನಿಂತವರಿಗೆ ಸ್ವಲ್ಪ ಜಾಗ ಬಿಡಿ ಅನ್ನಿ. ಉಸಿರಾಡಿ ಅಂತ ಹೇಳುತ್ತಾ ಕೂರುವ ಬದಲು, ಅವರಿಗೆ ಕೇಳುವ ಹಾಗೆ ನೀವೇ ನಿಧಾನವಾಗಿ ಉಸಿರು ಬಿಡಿ. ಸ್ವಲ್ಪ ಹೊತ್ತಿಗೆ ಅವರದೂ ಅದೇ ಲಯಕ್ಕೆ ಬರುತ್ತದೆ.