ಕುವೆಂಪು ಎಲ್ಲಿದ್ದರೂ ಕುವೆಂಪು ಆಗುತ್ತಿದ್ದರೇ?

ಓದುಗರ ಪತ್ರ: ಮಾನ್ಯ ಸಂಪಾದಕರೇ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿದ ಮಹನೀಯರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿದೆ. ಕುವೆಂಪು, ಆರ್.ಕೆ.ನಾರಾಯಣ್, ಸಿ.ಎನ್.ಆರ್.ರಾವ್, ನಾರಾಯಣಮೂರ್ತಿ, ಈ ಪಟ್ಟಿಯನ್ನು ಕೇಳಿ ಕೇಳಿ ಸಾಕಾಗಿದೆ. ಇವರೆಲ್ಲ ಹುಟ್ಟು ಪ್ರತಿಭಾವಂತರು. ಕುವೆಂಪು ಎಲ್ಲಿದ್ದರೂ ಕುವೆಂಪುವೇ ಆಗುತ್ತಿದ್ದರು. ವಿಶ್ವವಿದ್ಯಾನಿಲಯ ಅವರಿಗೆ ಕೊಟ್ಟದ್ದು ಒಂದು ಪ್ರಮಾಣಪತ್ರ ಮಾತ್ರ. ಡಿ.ವಿ.ಜಿ. ಯಾವ ಪದವಿ ಪಡೆದಿದ್ದರು? ಹೆಸರುಗಳನ್ನು ಗೋಡೆಗೆ ತೂಗುಹಾಕಿ ಸರ್ಕಾರಿ ವಿಶ್ವವಿದ್ಯಾನಿಲಯಗಳು ಎಷ್ಟು ದಿನ ಬದುಕುತ್ತವೆ? ನನ್ನ ಮೊಮ್ಮಗಳನ್ನು ಖಾಸಗಿ ವಿಶ್ವವಿದ್ಯಾನಿಲಯಕ್ಕೆ ಸೇರಿಸಲು ನಿರ್ಧರಿಸಿದ್ದೇನೆ. ತಪ್ಪೇ?
– ಹಿರಿಯ ಓದುಗರು, ಹಾಸನ

ಸಂಪಾದಕರ ಉತ್ತರ:

ನಿಮ್ಮ ಪತ್ರ ಐದು ಪುಟಗಳಷ್ಟಿತ್ತು. ಸ್ಥಳದ ಅಭಾವದಿಂದ ತಿರುಳನ್ನಷ್ಟೇ ಅಚ್ಚು ಹಾಕಿದ್ದೇವೆ, ಮನ್ನಿಸಬೇಕು. ಇಷ್ಟು ದುಂಡಾದ ಅಕ್ಷರದಲ್ಲಿ, ಒಂದು ಕಾಟೂ ಇಲ್ಲದೆ ಬರೆದ ಪತ್ರ ನಮ್ಮ ಕಚೇರಿಗೆ ಬರುವುದೇ ಅಪರೂಪವಾಗಿದೆ. ಆದರೆ ನಿಮ್ಮ ವಾದವನ್ನು ನಾನು ಒಪ್ಪಲಾರೆ.

ಒಪ್ಪಬೇಕಾದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. ಡಿ.ವಿ.ಜಿ.ಯವರಿಗೆ ಪದವಿ ಇರಲಿಲ್ಲ. ಶಿವರಾಮ ಕಾರಂತರು ಕಾಲೇಜನ್ನು ಅರ್ಧಕ್ಕೇ ಬಿಟ್ಟರು. ಆರ್.ಕೆ.ನಾರಾಯಣ್ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ನಪಾಸಾಗಿ ಒಂದು ವರ್ಷ ಮನೆಯಲ್ಲಿದ್ದರು, ಮಹಾರಾಜ ಕಾಲೇಜಿನಿಂದ ಬಿ.ಎ. ಪಡೆಯುವಷ್ಟರಲ್ಲಿ 1930 ಬಂದಿತ್ತು. ಅವರೊಳಗಿನ ಕಥೆಗಾರನನ್ನು ತರಗತಿ ರೂಪಿಸಿತೆಂದು ನಾನೂ ಹೇಳುವುದಿಲ್ಲ. ಮಹನೀಯರ ಭಾವಚಿತ್ರಗಳಿಗೆ ವರ್ಷಕ್ಕೊಮ್ಮೆ ಹಾರ ಹಾಕಿ ಕೈತೊಳೆದುಕೊಳ್ಳುವ ಚಾಳಿಯ ಬಗ್ಗೆ ನಿಮಗಿರುವ ಬೇಸರ ನನಗೂ ಇದೆ.

ಈಗ ಕುವೆಂಪು ವಿಚಾರಕ್ಕೆ ಬರೋಣ. ಕುಪ್ಪಳಿಯ ಹುಡುಗ ಮೈಸೂರಿಗೆ ಬಂದು 1927ರಲ್ಲಿ ಬಿ.ಎ. ಮುಗಿಸಿದರು. ಓದಿದ್ದು ತತ್ತ್ವಶಾಸ್ತ್ರ. ಆ ವರ್ಷವೇ ವಿಶ್ವವಿದ್ಯಾನಿಲಯ ಕನ್ನಡಕ್ಕೆ ಎಂ.ಎ. ತರಗತಿ ತೆರೆಯಿತು. ಅದು ತಾನಾಗಿ ತೆರೆದುಕೊಂಡದ್ದಲ್ಲ. ಇಂಗ್ಲಿಷ್ ಪ್ರಾಧ್ಯಾಪಕರಾದ ಬಿ.ಎಂ.ಶ್ರೀಕಂಠಯ್ಯನವರಂಥವರು ಪಟ್ಟು ಹಿಡಿದು ತೆರೆಸಿದ್ದು. ಎರಡು ವರ್ಷದ ಮೇಲೆ ಹೊರಬಂದ ಮೊದಲ ತಂಡದಲ್ಲಿ ಕುವೆಂಪು ಇದ್ದರು, ಡಿ.ಎಲ್.ನರಸಿಂಹಾಚಾರ್ ಇದ್ದರು. 1929ರಲ್ಲೇ ಕುವೆಂಪು ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾದರು. ಆ ತರಗತಿಯೂ ಆ ಕೆಲಸವೂ ಇಲ್ಲದಿದ್ದರೆ? ಮಲೆನಾಡಿನ ಮನೆಗೆ ಮರಳಿ ಅಡಿಕೆ ತೋಟ ನೋಡಿಕೊಳ್ಳುತ್ತ ಕವಿತೆ ಬರೆಯುತ್ತಿದ್ದರು, ಸರಿ. ಆದರೆ ಮಹಾಕಾವ್ಯಕ್ಕೆ ಬೇಕಾದ ವರ್ಷಗಟ್ಟಲೆಯ ನಿಶ್ಚಿಂತೆಯನ್ನು, ಪುಸ್ತಕಗಳನ್ನು, ಸಹೃದಯರ ಒಡನಾಟವನ್ನು ಅವರಿಗೆ ಯಾರು ಕೊಡುತ್ತಿದ್ದರು?

ಅವರ ಗುರು ಟಿ.ಎಸ್.ವೆಂಕಣ್ಣಯ್ಯನವರನ್ನು ನೀವು ಮರೆತಿದ್ದೀರಿ. ವೆಂಕಣ್ಣಯ್ಯನವರು ತೀರಿಕೊಂಡದ್ದು 1939ರಲ್ಲಿ. ‘ಶ್ರೀ ರಾಮಾಯಣ ದರ್ಶನಂ’ ಹೊರಬಂದದ್ದು ಅದಕ್ಕೆ ಹತ್ತು ವರ್ಷದ ನಂತರ. ಆದರೂ ಕಾವ್ಯದ ಅರ್ಪಣೆ ಅವರಿಗೇ. ಇದೋ ಮುಗಿಸಿ ತಂದಿದ್ದೇನೆ ಎಂದು ಎದುರಿಗೆ ಕುಳಿತವರಿಗೆ ಒಪ್ಪಿಸುವ ಹಾಗೆ ಕವಿ ಗುರುವಿನೊಡನೆ ಮಾತನಾಡುತ್ತಾರೆ. ಪ್ರಮಾಣಪತ್ರವನ್ನಷ್ಟೇ ಪಡೆದು ಬಂದವರು ತೀರಿಹೋದ ಮೇಷ್ಟರಿಗೆ ಹೀಗೆ ಲೆಕ್ಕ ಒಪ್ಪಿಸುವುದಿಲ್ಲ, ಸ್ವಾಮಿ.

ನನ್ನ ಮಾತಿಷ್ಟೇ: ಮೈಸೂರು ವಿಶ್ವವಿದ್ಯಾನಿಲಯದ ಸಾಧನೆಯೆಂದರೆ ಅದು ಮೇಷ್ಟರನ್ನು ಮಾಡಿತು. ಆ ಮೇಷ್ಟರು ಮತ್ತಷ್ಟು ಮೇಷ್ಟರನ್ನು ಮಾಡಿದರು. ಪಟ್ಟಿಯಲ್ಲಿರುವ ದೊಡ್ಡ ಹೆಸರುಗಳನ್ನು ಈ ಕಣ್ಣಿನಿಂದ ಮತ್ತೊಮ್ಮೆ ಓದಿ ನೋಡಿ. ವೆಂಕಣ್ಣಯ್ಯನವರ ಶಿಷ್ಯ ಕುವೆಂಪು. ಕುವೆಂಪು ಶಿಷ್ಯರು ಚನ್ನಪಟ್ಟಣ ತಾಲ್ಲೂಕಿನ ಚಕ್ಕೆರೆಯ ರೈತರ ಮನೆಯಿಂದ ಬಂದ ದೇ.ಜವರೇಗೌಡರು ಮತ್ತು ಶಿಕಾರಿಪುರದ ಈಸೂರಿನಿಂದ ಬಂದ ಜಿ.ಎಸ್.ಶಿವರುದ್ರಪ್ಪನವರು. 1956ರಲ್ಲಿ ಕುವೆಂಪು ಕುಲಪತಿಯಾದರು. ಈ ವಿಶ್ವವಿದ್ಯಾನಿಲಯದಲ್ಲೇ ಓದಿ ಅದರ ಕುಲಪತಿಯ ಕುರ್ಚಿಗೆ ಏರಿದವರಲ್ಲಿ ಅವರೇ ಮೊದಲಿಗರು. ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಆವರಣವಾದ ಮಾನಸಗಂಗೋತ್ರಿಯನ್ನು ಕಟ್ಟಿ ಹೆಸರಿಟ್ಟದ್ದು ಆ ನಾಲ್ಕು ವರ್ಷದಲ್ಲಿ. ಮುಂದೆ 1966ರಲ್ಲಿ ಅಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಹುಟ್ಟಿದಾಗ ಅದರ ನಿರ್ದೇಶಕರು ದೇಜಗೌ. ಶಿವರುದ್ರಪ್ಪನವರು ಮೈಸೂರಿನಲ್ಲಿ ಪಾಠ ಹೇಳಿ, ಹೈದರಾಬಾದಿನ ಉಸ್ಮಾನಿಯಾದಲ್ಲಿ ಹೇಳಿ, ಕೊನೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕನ್ನಡ ವಿಭಾಗವನ್ನು ಕಟ್ಟಿದರು. ಅಲ್ಲಿ ಅವರಿಂದ ಪಾಠ ಕೇಳಿದವರು ಇಂದಿಗೂ ನಾಡಿನ ಮೂಲೆಮೂಲೆಯಲ್ಲಿದ್ದಾರೆ. ಡಿ.ಎಲ್.ನರಸಿಂಹಾಚಾರ್ ಅವರ ಶಿಷ್ಯ, ನಿಘಂಟುಕಾರ ಜಿ.ವೆಂಕಟಸುಬ್ಬಯ್ಯನವರು ನೂರೇಳನೆಯ ವಯಸ್ಸಿನವರೆಗೂ ಕನ್ನಡ ಪದಗಳ ಅರ್ಥ ಹೇಳುತ್ತಲೇ ಇದ್ದು 2021ರಲ್ಲಿ ಹೋದರು. ಹುಟ್ಟು ಪ್ರತಿಭೆಯಿಂದ ಒಬ್ಬರು ಎದ್ದು ನಿಲ್ಲಬಹುದು. ಹೀಗೆ ಮೂರು ತಲೆಮಾರು ಸಾಲಾಗಿ ನಿಲ್ಲಬೇಕಾದರೆ ಒಂದು ಸಂಸ್ಥೆ ಬೇಕು, ಅಲ್ಲಿ ಸಂಬಳ ಕೊಟ್ಟು ಮೇಷ್ಟರನ್ನು ಉಳಿಸಿಕೊಂಡ ಒಂದು ಸರ್ಕಾರ ಬೇಕು.

ಆ ಸರ್ಕಾರವೂ ಎಂಥದ್ದು! 1916ಕ್ಕೆ ಮುಂಚೆ ನಮ್ಮ ಮಹಾರಾಜ ಕಾಲೇಜು, ಸೆಂಟ್ರಲ್ ಕಾಲೇಜುಗಳೆಲ್ಲ ಮದ್ರಾಸು ವಿಶ್ವವಿದ್ಯಾನಿಲಯದ ಅಧೀನ. ಆ ವರ್ಷದ ಜುಲೈ 27ರಂದು ನಾಲ್ವಡಿಯವರ ಆಡಳಿತದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ನಮ್ಮದೇ ವಿಶ್ವವಿದ್ಯಾನಿಲಯ ಆರಂಭವಾಯಿತು. ಭಾರತದಲ್ಲಿ ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯ ಇದು. ತತ್ತ್ವಶಾಸ್ತ್ರಕ್ಕೆ ರಾಧಾಕೃಷ್ಣನ್ ಅವರನ್ನು ಕರೆತಂದರು. ಅವರು 1921ರಲ್ಲಿ ಕಲ್ಕತ್ತೆಗೆ ಹೊರಟಾಗ ಹುಡುಗರು ಕುದುರೆ ಬಿಚ್ಚಿ ಸಾರೋಟನ್ನು ತಾವೇ ರೈಲು ನಿಲ್ದಾಣದವರೆಗೆ ಎಳೆದರು. ಆ ಗೌರವ ಸಂದದ್ದು ಮುಂದೆ ರಾಷ್ಟ್ರಪತಿಯಾಗುವವರಿಗಲ್ಲ, ಪಾಠ ಮಾಡಿದ ಮೇಷ್ಟರಿಗೆ. ಅದೇ ವರ್ಷ ಕಲ್ಕತ್ತೆಯ ಬ್ರಜೇಂದ್ರನಾಥ ಸೀಲ್ ಇಲ್ಲಿಗೆ ಕುಲಪತಿಯಾಗಿ ಬಂದರು.

ಪಟ್ಟಿಯಲ್ಲಿ ನೀವು ಬಿಟ್ಟ ಹೆಸರುಗಳಿವೆ. ಸಮಾಜಶಾಸ್ತ್ರಜ್ಞ ಎಂ.ಎನ್.ಶ್ರೀನಿವಾಸ್ ಅವರನ್ನು ಏಕೆ ಬಿಟ್ಟಿರಿ? ಮಹಾರಾಜ ಕಾಲೇಜಿನಲ್ಲಿ ಎ.ಆರ್.ವಾಡಿಯಾ ಅವರ ಬಳಿ ಸಮಾಜ ತತ್ತ್ವಶಾಸ್ತ್ರ ಓದಿ 1936ರಲ್ಲಿ ಪದವಿ ಪಡೆದು, ಮುಂಬಯಿಗೆ, ಅಲ್ಲಿಂದ ಆಕ್ಸ್‌ಫರ್ಡಿಗೆ ಹೋದವರು. ಮರಳಿ ಬಂದು 1948ರಲ್ಲಿ ಕ್ಷೇತ್ರಕಾರ್ಯಕ್ಕೆ ಕುಳಿತದ್ದು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ. ಆ ಹಳ್ಳಿಗೆ ಅವರು ಬರಹದಲ್ಲಿ ಇಟ್ಟ ಹೆಸರು ರಾಂಪುರ. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಕೋಣೆಗೆ ಕಿಡಿಗೇಡಿಗಳು ಹಚ್ಚಿದ ಬೆಂಕಿ ತಗುಲಿ, ಆ ಊರಿನ ಬಗ್ಗೆ ಸಿದ್ಧಪಡಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟುಹೋದವು. ಅವರು ಕೈಚೆಲ್ಲಲಿಲ್ಲ, ಇಡೀ ಹಳ್ಳಿಯನ್ನು ನೆನಪಿನಿಂದಲೇ ಬರೆದು ಮುಗಿಸಿದರು. ‘ಪ್ರಬಲ ಜಾತಿ’, ‘ಸಂಸ್ಕೃತೀಕರಣ’ ಎಂದು ಇವತ್ತು ಪ್ರತಿ ಚುನಾವಣೆಯಲ್ಲಿ ಪತ್ರಕರ್ತರು ಆಡುವ ಮಾತುಗಳು ಅವರ ಕೊಡುಗೆ.

ರಾಜೇಶ್ವರಿ ಚಟರ್ಜಿಯವರನ್ನೂ ಬಿಟ್ಟಿದ್ದೀರಿ. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಅಜ್ಜಿ ಹಾಕಿಕೊಟ್ಟ ದಾರಿಯಲ್ಲಿ ಮೊಮ್ಮಗಳು ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ಮಾಡಿ, ಅಮೆರಿಕದ ಮಿಷಿಗನ್‌ನಲ್ಲಿ ಓದಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ತಂತ್ರಜ್ಞಾನ ಕಲಿಸಿದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದವರು. ನಿಮ್ಮ ಮೊಮ್ಮಗಳಿಗೆ ಇವರ ಕಥೆ ಹೇಳಿ.

ಸೆಂಟ್ರಲ್ ಕಾಲೇಜು ಬೆಂಗಳೂರಿನದಲ್ಲವೇ, ಮೈಸೂರಿಗೇನು ಸಂಬಂಧ ಎಂದು ಕೇಳುವವರಿದ್ದಾರೆ. ಬೆಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1964ರಲ್ಲಿ. ಅದಕ್ಕೆ ಹಿಂದೆ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರೆಲ್ಲರ ಪದವಿಯ ಮೇಲೂ ಮೈಸೂರಿನ ಮುದ್ರೆಯೇ ಇದೆ. 1951ರಲ್ಲಿ ಬಿ.ಎಸ್ಸಿ. ಮುಗಿಸಿದ ಹದಿನೇಳರ ಹುಡುಗ ಸಿ.ಎನ್.ಆರ್.ರಾವ್ ಅಲ್ಲಿಯವರು. ಭೂವಿಜ್ಞಾನ ಓದಿ, ಅದನ್ನೇ ಕಲಿಸುತ್ತ ‘ನಿತ್ಯೋತ್ಸವ’ ಬರೆದ ನಿಸಾರ್ ಅಹಮದ್ ಅಲ್ಲಿಯವರು. ಎಚ್.ನರಸಿಂಹಯ್ಯನವರು ಅಲ್ಲಿಯವರು. ಗೌರಿಬಿದನೂರಿನ ಹೊಸೂರಿನಿಂದ ಬಸ್ಸಿಗೆ ದುಡ್ಡಿಲ್ಲದೆ ಬೆಂಗಳೂರಿಗೆ ನಡೆದೇ ಬಂದ ಬಾಲಕ ಭೌತಶಾಸ್ತ್ರದ ಎಂ.ಎಸ್ಸಿ. ಮಾಡಿ, ಅಮೆರಿಕದ ಒಹಾಯೊದಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯೂ ಆಗಿ, ಕಡೆಯ ದಿನಗಳವರೆಗೆ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಇದ್ದರು. ಬಾಗೇಪಲ್ಲಿಯಲ್ಲಿ, ಗೌರಿಬಿದನೂರಿನಲ್ಲಿ ಕಾಲೇಜು ತೆರೆಸಿದರು. ತಾವು ನಡೆದು ಬಂದ ದೂರವನ್ನು ಮುಂದಿನ ಮಕ್ಕಳು ನಡೆಯಬಾರದೆಂಬುದೇ ಅವರ ಹಟ.

ನಾರಾಯಣಮೂರ್ತಿಯವರ ಹೆಸರು ಹೇಳಿ, ಅವರು ನಿಜವಾಗಿ ಕಲಿತದ್ದು ಕಾನ್ಪುರದ ಐಐಟಿಯಲ್ಲಿ ಎಂದು ಪತ್ರದ ಅಚ್ಚಾಗದ ಭಾಗದಲ್ಲಿ ಬರೆದಿದ್ದೀರಿ. ಕಾನ್ಪುರಕ್ಕೆ ಹೋದದ್ದು 1967ರಲ್ಲಿ ಮೈಸೂರಿನ ಎನ್‌ಐಇ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗ್) ಕಾಲೇಜಿನ ಬಿ.ಇ. ಕೈಯಲ್ಲಿದ್ದ ಮೇಲೆ. ಅದೇ ಕಾಲೇಜಿನ ಇನ್ನೊಬ್ಬರು ಎರಪಳ್ಳಿ ಪ್ರಸನ್ನ. 1962ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸ ಮಾಡಿ ಬಂದ ಟೆಸ್ಟ್ ಆಟಗಾರ, ತಂದೆಗೆ ಕೊಟ್ಟ ಮಾತಿನಂತೆ ಎಂಜಿನಿಯರಿಂಗ್ ಮುಗಿಸಲು ಮರಳಿದರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಇಪ್ಪತ್ತೆರಡರ ಯುವಕ ಐದು ವರ್ಷ ಭಾರತ ತಂಡವನ್ನು ಬಿಟ್ಟು ಓದಿಗೆ ಕೂರುತ್ತಾನೆಂದರೆ ಆ ಪದವಿಗೆ ಆಗ ಮನೆಮನೆಯಲ್ಲಿ ಎಂಥ ಬೆಲೆ ಇತ್ತೆಂದು ಊಹಿಸಿ. ವಿಕೆಟ್‌ಗಳು ಎಲ್ಲಿಗೂ ಓಡಿಹೋಗಲಿಲ್ಲ, 49 ಟೆಸ್ಟ್‌ಗಳಲ್ಲಿ 189 ಬಂದವು.

ಆದರೆ ನನ್ನ ಮನಸ್ಸು ನಿಲ್ಲುವುದು ಯಾವ ಪಟ್ಟಿಯಲ್ಲೂ ಇಲ್ಲದವರ ಬಳಿ. ನಾನು ಓದಿದ ತಾಲ್ಲೂಕು ಕಾಲೇಜಿಗೆ ಮಾನಸಗಂಗೋತ್ರಿಯಿಂದ ಎಂ.ಎ. ಮಾಡಿ ಬಂದ ಕನ್ನಡ ಅಧ್ಯಾಪಕರೊಬ್ಬರಿದ್ದರು. ಪಂಪನ ಕಂದಪದ್ಯವನ್ನು ಹಲಗೆಯ ಮೇಲೆ ಬರೆದು, ಬಿಳಿ ಸೀಮೆಸುಣ್ಣದ ಅಕ್ಷರಗಳ ನೆತ್ತಿಯ ಮೇಲೆ ಹಳದಿ ಸೀಮೆಸುಣ್ಣದಿಂದ ಲಘು ಗುರು ಹಾಕುತ್ತ ಹೋಗುವರು. ಹಾಕಿ ಮುಗಿದ ಮೇಲೆ ಗಣ ಬಿಡಿಸಿ, ಮೇಜು ತಟ್ಟುತ್ತ ಓದುವರು. ಅರ್ಥ ಹೇಳುವುದು ಆಮೇಲೆ. ಮೂರನೆಯ ಸಲ ಓದುವಾಗ ಹಿಂದಿನ ಬೆಂಚಿನ ಹುಡುಗರ ಕಾಲೂ ತಾಳ ಹಾಕುತ್ತಿತ್ತು. ಅವರು ಪುಸ್ತಕ ಬರೆಯಲಿಲ್ಲ, ಪ್ರಶಸ್ತಿ ಬರಲಿಲ್ಲ. ಆ ಊರಿನಿಂದ ಮುಂದೆ ಬಂದ ಇಬ್ಬರು ಸಂಶೋಧಕರು, ಒಬ್ಬ ತಹಶೀಲ್ದಾರರು, ಮತ್ತೆ ಈ ಪತ್ರಿಕೆಯ ಸಂಪಾದಕ, ಎಲ್ಲರೂ ಅವರ ಹಳದಿ ಸೀಮೆಸುಣ್ಣಕ್ಕೆ ಋಣಿಗಳು.

ಇಂಥವರು ಬರುವ ಬಾಗಿಲನ್ನೇ ನಾವು ಈಗ ಮುಚ್ಚುತ್ತಿದ್ದೇವೆ. ನಿಮ್ಮ ಕೋಪ ತಿರುಗಬೇಕಾದದ್ದು ಇತ್ತ. ನಿವೃತ್ತರಾದವರ ಹುದ್ದೆ ವರ್ಷಗಟ್ಟಲೆ ಖಾಲಿ. ಆ ಜಾಗದಲ್ಲಿ ಅತಿಥಿ ಉಪನ್ಯಾಸಕರು. ಹದಿನೈದು ವರ್ಷ ಪಾಠ ಮಾಡಿದವರನ್ನೂ ಅತಿಥಿ ಎಂದು ಕರೆಯುವ ಮನೆ ಬೇರೆ ಎಲ್ಲಿದೆ? ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಬಸ್ಸು ಹಿಡಿದು ಇನ್ನೊಂದು. ಸೆಮಿಸ್ಟರ್ ಆರಂಭವಾಗಿ ಎಷ್ಟೋ ದಿನಗಳ ಮೇಲೆ ನೇಮಕದ ಆದೇಶ, ಸೆಮಿಸ್ಟರ್ ಮುಗಿದರೆ ಕೆಲಸವೂ ಮುಗಿಯಿತು. ಮುಂದಿನ ವರ್ಷ ತಾನು ಇರುತ್ತೇನೋ ಇಲ್ಲವೋ ತಿಳಿಯದವರು ಶಿಷ್ಯರನ್ನು ಬೆಳೆಸುವುದು ಹೇಗೆ? ವೆಂಕಣ್ಣಯ್ಯನವರಿಗೆ ಗಂಟೆಯ ಲೆಕ್ಕದಲ್ಲಿ ಸಂಬಳ ಕೊಟ್ಟಿದ್ದರೆ ಕುವೆಂಪು ಅವರಿಗಾಗಿ ಅವರ ಬಳಿ ಹೊತ್ತು ಉಳಿಯುತ್ತಿತ್ತೇ?

ಇನ್ನು ಜಿಲ್ಲೆಗೊಂದು ವಿಶ್ವವಿದ್ಯಾನಿಲಯ. ನಿಮ್ಮ ಹಾಸನದ ಹೇಮಗಂಗೋತ್ರಿ ಮೈಸೂರಿನ ಸ್ನಾತಕೋತ್ತರ ಕೇಂದ್ರವಾಗಿತ್ತು. ಅದಕ್ಕೆ ವಿಶ್ವವಿದ್ಯಾನಿಲಯವೆಂಬ ಫಲಕ ಬಂತು, ಮಂಡ್ಯಕ್ಕೆ ಬಂತು, ಚಾಮರಾಜನಗರಕ್ಕೆ ಬಂತು. ಫಲಕದ ಹಿಂದೆ ಹಣವೂ ಬರಲಿಲ್ಲ, ಹುದ್ದೆಗಳೂ ಬರಲಿಲ್ಲ. 2025ರ ಆರಂಭದಲ್ಲಿ ಸಚಿವ ಸಂಪುಟದ ಉಪಸಮಿತಿಯೇ ಹೊಸ ವಿಶ್ವವಿದ್ಯಾನಿಲಯಗಳಲ್ಲಿ ಒಂಬತ್ತನ್ನು ಮುಚ್ಚುವ ಮಾತನಾಡಿತು. ತೆರೆಯುವಾಗ ಮೇಷ್ಟರ ವಿಚಾರ ಕೇಳಿದವರಿಲ್ಲ, ಮುಚ್ಚುವ ಮಾತು ಬಂದಾಗ ಮಕ್ಕಳ ವಿಚಾರವನ್ನೂ ಕೇಳಿದವರಿಲ್ಲ. ವಿಶ್ವವಿದ್ಯಾನಿಲಯದ ಗುಣಮಟ್ಟ ಅಳೆಯುವ ತಂಡ ಬರುವ ವಾರ ಗೋಡೆಗೆ ಸುಣ್ಣ, ಮೆಟ್ಟಿಲಿಗೆ ಹೂಕುಂಡ. ಗ್ರಂಥಾಲಯಕ್ಕೆ ನಿಯತಕಾಲಿಕೆ ತರಿಸಲು ಮಾತ್ರ ಅನುದಾನವಿಲ್ಲ.

ನಿಮ್ಮ ಪತ್ರದ ಮೂರನೆಯ ಪುಟದಲ್ಲಿ ನೀವೇ ಬರೆದ ಒಂದು ಸಾಲು ಇದೆ. ಎಪ್ಪತ್ತರ ದಶಕದಲ್ಲಿ ಹಾಸನದಲ್ಲಿ ಬಿ.ಎಸ್ಸಿ. ಓದುವಾಗ ಪುಸ್ತಕ ಕೊಳ್ಳಲಾಗದ ನಿಮಗೆ ರಸಾಯನಶಾಸ್ತ್ರದ ಅಧ್ಯಾಪಕರು ತಮ್ಮ ಸ್ವಂತ ಪ್ರತಿಯನ್ನು ಪರೀಕ್ಷೆ ಮುಗಿಯುವವರೆಗೆ ಕೊಟ್ಟಿದ್ದರು, ಆ ಪದವಿಯಿಂದಲೇ ಬ್ಯಾಂಕಿನ ಕೆಲಸ ಸಿಕ್ಕಿತು ಎಂದಿದ್ದೀರಿ. ಆ ಪದವಿ ಮೈಸೂರು ವಿಶ್ವವಿದ್ಯಾನಿಲಯದ್ದು. ಇಷ್ಟು ಬರೆದ ಕೈಯೇ ಮುಂದಿನ ಪುಟದಲ್ಲಿ ‘ಪ್ರಮಾಣಪತ್ರ ಮಾತ್ರ’ ಎಂದು ಬರೆದದ್ದು ನನಗೆ ನೋವು ತಂದಿತು. ವಯಸ್ಸಿನಲ್ಲಿ ಹಿರಿಯರಾದ ನಿಮಗೆ ಹೀಗೆ ಹೇಳುತ್ತಿರುವುದಕ್ಕೆ ಬೇಸರಿಸಬೇಡಿ.

ಮೊಮ್ಮಗಳನ್ನು ಎಲ್ಲಿಗೆ ಸೇರಿಸಬೇಕೆಂಬುದು ನಿಮ್ಮ ಮನೆಯ ತೀರ್ಮಾನ. ಶುಲ್ಕ ಕಟ್ಟುವ ಮೊದಲು ಎರಡೂ ಕಡೆ ಹೋಗಿ ವಿಚಾರಿಸಿ: ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು ಮಂದಿ, ಐದು ವರ್ಷದಿಂದ ಅಲ್ಲೇ ಇರುವವರು ಯಾರು, ತರಗತಿ ಮುಗಿದ ಮೇಲೆ ಮಕ್ಕಳು ಅವರ ಕೋಣೆಗೆ ಹೋಗಬಹುದೇ. ಗಾಜಿನ ಕಟ್ಟಡ ತೋರಿಸಿದರೆ ನೋಡಿ ಬನ್ನಿ, ಉತ್ತರ ಸಿಗುವವರೆಗೆ ಮಾತ್ರ ಏಳಬೇಡಿ. ಸರ್ಕಾರಿ ವಿಭಾಗದಲ್ಲಿ ಎಲ್ಲ ಹುದ್ದೆಯೂ ಖಾಲಿ ಎಂದು ತಿಳಿದರೆ ಆ ಸಂಗತಿಯನ್ನು ನಿಮ್ಮ ಶಾಸಕರಿಗೆ ಇದೇ ದುಂಡಕ್ಷರದಲ್ಲಿ ಬರೆದು, ಒಂದು ಪ್ರತಿಯನ್ನು ನಮಗೂ ಕಳುಹಿಸಿ. ಅಚ್ಚು ಹಾಕುತ್ತೇವೆ, ಈ ಸಲ ಐದೂ ಪುಟ.