ಬಕೆಟ್ ಅಲ್ಲ, ಬೊಕೆ!

"ಬ್ರಿಟಿಷ್ ನಟಿ ಪೆಟ್ರೀಷಿಯಾ ರೌಟ್ಲೆಜ್‌ಗೆ 61ನೇ ವಯಸ್ಸಲ್ಲಿ ಒಂದು ಕಾಮಿಡಿ ಸೀರಿಯಲ್ ಸಿಕ್ಕಿ ಅದೃಷ್ಟ ಖುಲಾಯಿಸಿತು ಅಂತಾರೆ. ಅಲ್ಲಿವರೆಗೆ ಸುಮ್ನೆ ಕೂತಿದ್ದರಾ?" ಎಂದು ಕೇಳಿದ್ದೀರಿ.

ಎಲ್ಲಿ ಕೂತಿದ್ದರು ಸ್ವಾಮಿ! ಬರ್ಕನ್‌ಹೆಡ್‌ನಲ್ಲಿ ಹುಟ್ಟಿದ ಇವರು 1952ರಲ್ಲೇ ಲಿವರ್‌ಪೂಲ್ ಪ್ಲೇಹೌಸ್‌ನಲ್ಲಿ ಬಣ್ಣ ಹಚ್ಚಿದ್ದರು. ಒಳ್ಳೆಯ ಹಾಡುಗಾರ್ತಿ. 1968ರಲ್ಲಿ ಬ್ರಾಡ್‌ವೇಯ 'ಡಾರ್ಲಿಂಗ್ ಆಫ್ ದ ಡೇ' ಸಂಗೀತ ನಾಟಕಕ್ಕೆ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿ ಬಂತು. ತಮಾಷೆ ಅಂದ್ರೆ, ಆ ನಾಟಕ 31 ಪ್ರದರ್ಶನಕ್ಕೇ ನಿಂತಿತ್ತು. 1976ರಲ್ಲಿ ಲಿಯೊನಾರ್ಡ್ ಬರ್ನ್‌ಸ್ಟೈನ್ ಸಂಗೀತದ ಇನ್ನೊಂದು ನಾಟಕ ಏಳೇ ಪ್ರದರ್ಶನಕ್ಕೆ ಮಕಾಡೆ ಮಲಗಿತು. 1988ರಲ್ಲಿ 'ಕ್ಯಾಂಡೀಡ್' ಸಂಗೀತ ನಾಟಕಕ್ಕೆ ಲಂಡನ್ ರಂಗಭೂಮಿಯ ಒಲಿವಿಯರ್ ಪ್ರಶಸ್ತಿ.

ಆಮೇಲೆ, 1990ರಲ್ಲಿ, ನೀವು ಹೇಳುವ 'ಕೀಪಿಂಗ್ ಅಪ್ ಅಪಿಯರೆನ್ಸಸ್'. ಅದರಲ್ಲಿ ಇವರ ಪಾತ್ರ ಹಯಸಿಂತ್. ಹಯಸಿಂತ್‌ಳ ಗಂಡನ ಮನೆತನದ ಹೆಸರು ಬಕೆಟ್. ಈಕೆಗೆ ಅದು ಅವಮಾನ. ಎಲ್ಲರೂ 'ಬೊಕೆ' ಎನ್ನಬೇಕು. (ನಮ್ಮಲ್ಲಿ ಬಕೆಟ್ ಹಿಡಿಯುವವರಿಗೆ ಇಷ್ಟು ನಾಚಿಕೆ ಇಲ್ಲ ಬಿಡಿ.) ಪಕ್ಕದ ಮನೆಯ ಎಲಿಜಬೆತ್ ಕಾಫಿಗೆ ಬಂದರೆ, ದುಬಾರಿ ಪಿಂಗಾಣಿ ಎಲ್ಲಿ ಒಡೆಯುತ್ತೋ ಎಂಬ ಭಯಕ್ಕೇ ಕೈ ನಡುಗುತ್ತದೆ. ಕಪ್ಪು ಸಾಸರಿನ ಮೇಲೆ ಕಟಕಟ ಎನ್ನುತ್ತದೆ, ಕಾಫಿ ಚೆಲ್ಲುತ್ತದೆ. ಎಲಿಜಬೆತ್ ಸೋದರ ಎಮೆಟ್ ಸಂಗೀತಗಾರ. ಅವನು ಕಂಡರೆ ಸಾಕು, ಹಯಸಿಂತ್ ದನಿ ಏರಿಸಿ ಹಾಡಲು ಶುರು. ಅವನೋ ಪೊದೆ, ಬಾಗಿಲು ಹುಡುಕಿಕೊಂಡು ಅಡಗುತ್ತಾನೆ. ಆ ಅಪಸ್ವರ ಟೋನಿ ಗೆದ್ದ ಗಂಟಲಿನದು! ಶ್ರುತಿ ಗೊತ್ತಿಲ್ಲದವರಿಗೆ ಅಷ್ಟು ಕರಾರುವಾಕ್ಕಾಗಿ ತಪ್ಪು ಹಾಡೋಕೆ ಆಗುತ್ತಾ?

1995ರಲ್ಲಿ, ಜನ ಇನ್ನೂ ಬೇಕು ಅನ್ನುತ್ತಿರುವಾಗಲೇ, ರೌಟ್ಲೆಜ್ ತಾವೇ ಸಾಕು ಎಂದರು. ಮರುವರ್ಷ ಪತ್ತೇದಾರಿ ಅಜ್ಜಿ ಹೆಟ್ಟಿ ವೇನ್‌ತ್ರಾಪ್ ಆಗಿ ಬಂದರು. 2017ರಲ್ಲಿ ಬ್ರಿಟನ್ನಿನ 'ಡೇಮ್' ಗೌರವ (ಗಂಡಸರ 'ಸರ್' ಇದ್ದ ಹಾಗೆ) ಸಿಕ್ಕಿತು. 2025ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ 96 ವರ್ಷ.

ನನಗೆ ಹಯಸಿಂತ್‌ಗಿಂತ ಜಾಸ್ತಿ ಇಷ್ಟವಾದದ್ದು ಅದಕ್ಕೂ ಎರಡು ವರ್ಷ ಮುಂಚಿನ ಐರೀನ್ ರಡಕ್. ಇಂಗ್ಲಿಷ್ ನಾಟಕಕಾರ ಆಲನ್ ಬೆನೆಟ್ ಬರೆದ 'ಎ ಲೇಡಿ ಆಫ್ ಲೆಟರ್ಸ್' ಎಂಬ ಟಿವಿ ನಾಟಕದ ಪಾತ್ರ. ಕ್ಯಾಮೆರಾ ಮುಂದೆ ಅರ್ಧ ಗಂಟೆ ಇವರೊಬ್ಬರದೇ ಮಾತು. ಐರೀನ್‌ಗೆ ಒಂದೇ ಕೆಲಸ: ಕಂಡವರಿಗೆಲ್ಲ ದೂರಿನ ಪತ್ರ ಬರೆಯೋದು. ಸಂಪಾದಕರ ಮೇಜಿಗೆ ಇಂಥವರು ಹೊಸಬರಲ್ಲ, ಅಲ್ವಾ? ಎದುರುಮನೆಯವರು ಮಗುವನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂದು ಅವರ ಮೇಲೂ ಬರೆಯುತ್ತಾಳೆ. ಮಗು ಕಾಯಿಲೆಯಿಂದ ಸತ್ತಿದೆ ಎಂದು ಆಮೇಲೆ ಗೊತ್ತಾಗುತ್ತದೆ. ಕೊನೆಗೆ ಪತ್ರ ಬರೆದು ಬರೆದೇ ಜೈಲು ಸೇರುತ್ತಾಳೆ. ಅಲ್ಲಿ ಮೊದಲ ಸಲ ಅವಳಿಗೆ ಗೆಳತಿಯರು ಸಿಗುತ್ತಾರೆ. ಆಗ ಆ ಮುಖ ಅರಳುವುದನ್ನು ನೋಡಿ. ಹಯಸಿಂತ್‌ಳನ್ನು ಆಮೇಲೆ ನೋಡಿದರಾಯಿತು.

— ಸಂಪಾದಕ