ಸಂಪಾದಕರ ಉತ್ತರ: ಬೊಂಬೆ ಅಲ್ಲ, ಹಲಗೇನೇ

ಧಾರವಾಡದ ಓದುಗರೊಬ್ರು ಬರೆದಿದ್ದಾರೆ: "ಹೋದ ಸಂಚಿಕಿಯೊಳಗ ಅಮೆರಿಕದ ಕಪ್ಪು ನಟಿ ಹ್ಯಾಟಿ ಮ್ಯಾಕ್‌ಡೇನಿಯಲ್‌ನ ಭಾಳ ಹೊಗಳೀರಿ. ಜೀವನಪೂರ್ತಿ ಬಿಳಿಯರ ಮನಿ ಕೆಲಸದಾಕಿ ಪಾರ್ಟು ಮಾಡಿದಾಕಿ ಅದ್ಹೆಂಗ ತನ್ನ ಮಂದಿಗೆ ದಾರಿ ತೋರಿಸಿದಂಗಾತು? ಮತ್ತ ಆ ಫೋಟೋದಾಗ ಕೈಯಾಗ ಇರೋದು ಆಸ್ಕರ್ ಬೊಂಬಿ ಅಲ್ಲ, ಯಾವುದೋ ಹಲಗಿ ಐತಲ್ರೀ?"

ಸರ್, ಮೊದಲು ಹಲಗೆ ವಿಷಯ, ಯಾಕಂದ್ರೆ ತಪ್ಪು ನಮ್ದೇ. ಫೋಟೋ ಕೆಳಗೆ "ಚಿನ್ನದ ಬೊಂಬೆ" ಅಂತ ಬರೆದಿದ್ದು ನಾನೇ, ಫೋಟೋ ಸರಿಯಾಗಿ ನೋಡ್ದೆ. ಆ ಕಾಲದಲ್ಲಿ ಪೋಷಕ ಪಾತ್ರಕ್ಕೆ ಗೆದ್ದವರಿಗೆ ಬೊಂಬೆ ಕೊಡ್ತಿರ್ಲಿಲ್ಲ, ಅಂಗೈಯಗಲದ ಒಂದು ಫಲಕ ಕೊಡ್ತಿದ್ರು ಅಷ್ಟೇ.

ಇನ್ನು ಕೆಲಸದವಳ ಪಾರ್ಟು. ನೀವು ಹೇಳಿದ್ದನ್ನೇ ಅವರ ಜನರೂ ಆಗಲೇ ಹೇಳಿದ್ರು, ಕಪ್ಪು ಜನರ ಹಕ್ಕಿಗಾಗಿ ಹೋರಾಡೋ ಎನ್‌ಎಎಸಿಪಿ ಸಂಘಟನೆಯ ವಾಲ್ಟರ್ ವೈಟ್ ಅಂತೂ ಈ ಥರ ಪಾತ್ರಗಳ ವಿರುದ್ಧ ಹಾಲಿವುಡ್ ಜೊತೆ ಜಗಳಾನೇ ಆಡಿದ್ರು. ಹ್ಯಾಟಿಗೆ ಆಸ್ಕರ್ ತಂದ 'ಗಾನ್ ವಿತ್ ದ ವಿಂಡ್' ಗುಲಾಮಗಿರಿಗೆ ಬಣ್ಣ ಬಳಿದ ಸಿನಿಮಾ, ಅದ್ರಲ್ಲಿ ನನಗೂ ಡೌಟಿಲ್ಲ. ಆದ್ರೆ ಪಾರ್ಟು ಮಾಡಿದವರು ಯಾರು ಅಂತಾನೂ ಸ್ವಲ್ಪ ನೋಡಿ. 1893ರಲ್ಲಿ ಕ್ಯಾನ್ಸಸ್‌ನಲ್ಲಿ ಹುಟ್ಟಿದ್ದು, ಅಪ್ಪ ಅಮ್ಮ ಇಬ್ರೂ ಗುಲಾಮರಾಗಿದ್ದವರು, ಇವ್ರೇ ಮನೆಯ ಕೊನೇ ಕೂಸು. ಹಾಡ್ತಿದ್ರು, ಸ್ವಂತ ಹಾಡು ಬರೀತಿದ್ರು, 1920ರ ದಶಕದಲ್ಲೇ ಡೆನ್ವರ್ ರೇಡಿಯೋದಲ್ಲಿ ಹಾಡಿದವರು. 1929ರಲ್ಲಿ ಷೇರುಪೇಟೆ ಬಿದ್ದು ನಾಟಕದ ಕೆಲಸ ಹೋದಾಗ ಮಿಲ್ವಾಕಿಯ ಕ್ಲಬ್ಬೊಂದರ ಲೇಡೀಸ್ ಟಾಯ್ಲೆಟ್ ನೋಡ್ಕೊಳ್ಳೋ ಕೆಲಸಕ್ಕೆ ನಿಂತ್ರು, ಆಮೇಲೆ ಅದೇ ಕ್ಲಬ್ಬಿನ ವೇದಿಕೆ ಮೇಲೆ ಹಾಡಿದ್ರು. 1931ರಲ್ಲಿ ಲಾಸ್ ಏಂಜಲೀಸ್‌ಗೆ ಬಂದ್ಮೇಲೂ ಪಾರ್ಟು ಸಿಗದಾಗ ನಿಜವಾಗ್ಲೂ ಮನೆಕೆಲಸ ಮಾಡಿದ್ದಾರೆ. ಕೆಲಸದವಳ ಪಾರ್ಟು ಮಾಡಿದ್ರೆ ವಾರಕ್ಕೆ 700 ಡಾಲರ್, ಕೆಲಸದವಳೇ ಆಗಿದ್ರೆ 7 ಡಾಲರ್ ಅಂತ ಅವರು ಹೇಳಿದ್ದಾಗಿ ಒಂದು ಮಾತಿದೆಯಲ್ಲ, ಅದನ್ನ ಬರೀ ಜೋಕು ಅನ್ಕೋಬೇಡಿ.

1939ರ ಡಿಸೆಂಬರಲ್ಲಿ ಅಟ್ಲಾಂಟಾದಲ್ಲಿ ಸಿನಿಮಾದ ಮೊದಲ ಶೋ ಆದಾಗ ಕಪ್ಪು ಕಲಾವಿದರಿಗೆ ಎಂಟ್ರಿನೇ ಇಲ್ಲ. 1940ರ ಫೆಬ್ರವರಿ 29ರ ಆಸ್ಕರ್ ಸಮಾರಂಭ ನಡೆದ ಹೋಟೆಲ್ಲಲ್ಲೂ ಕಪ್ಪು ಜನರನ್ನ ಒಳಗೆ ಬಿಡ್ತಿರ್ಲಿಲ್ಲ, ನಿರ್ಮಾಪಕರು ಸ್ಪೆಷಲ್ಲಾಗಿ ಕೇಳ್ಕೊಂಡ ಮೇಲೆ ಬಿಟ್ರು, ಬಿಟ್ಟು ಕೂರಿಸಿದ್ದು ಎಲ್ಲಿ, ಜೊತೆ ನಟರಿಂದ ದೂರ, ಗೋಡೆ ಪಕ್ಕದ ಒಂದು ಪುಟ್ಟ ಟೇಬಲ್ಲಲ್ಲಿ! ತಲೇಲಿ ಬಿಳೀ ಗಾರ್ಡೀನಿಯ ಹೂ ಮುಡ್ಕೊಂಡು ಅಲ್ಲಿಂದ ಎದ್ದು ಹೋಗಿ ಆಸ್ಕರ್ ಇಸ್ಕೊಂಡ ಮೊದಲ ಕಪ್ಪು ವ್ಯಕ್ತಿ ಅವರು. ತಿರುಗಿ ಬಂದು ಕೂತಿದ್ದು ಮತ್ತೆ ಅದೇ ಟೇಬಲ್ಲಿಗೆ. ಇನ್ನೊಬ್ಬ ಕಪ್ಪು ನಟಿಗೆ, ವೂಪಿ ಗೋಲ್ಡ್‌ಬರ್ಗ್‌ಗೆ, ಆಸ್ಕರ್ ಬಂದಿದ್ದು 1991ರಲ್ಲಿ!

ನನಗೆ ಸಿನಿಮಾಗಿಂತ ದೊಡ್ಡದಾಗಿ ಕಾಣೋದು ಮನೆ ಕಥೆ, ಅದನ್ನ ಹೋದ ಸಲ ಎರಡೇ ಸಾಲಲ್ಲಿ ಮುಗಿಸಿದ್ದು ನಮ್ಮ ಇನ್ನೊಂದು ತಪ್ಪು. ಲಾಸ್ ಏಂಜಲೀಸ್‌ನ ಶುಗರ್ ಹಿಲ್‌ನಲ್ಲಿ ಅವರು ಮನೆ ತಗೊಂಡ್ರು. ಆ ಏರಿಯಾದ ಮನೆ ಪತ್ರಗಳಲ್ಲಿ ಕಪ್ಪು ಜನರಿಗೆ ಮಾರಬಾರ್ದು ಅಂತ ಷರತ್ತಿತ್ತು, ನೆರೆಯ ಬಿಳಿಯರು ಕೇಸ್ ಹಾಕಿದ್ರು. ಹ್ಯಾಟಿ ಬಿಟ್ಟು ಹೋಗ್ಲಿಲ್ಲ, ನೆರೆಹೊರೆಯ ಕಪ್ಪು ಜನರನ್ನ ಒಟ್ಟುಮಾಡಿ, ಲೋರೆನ್ ಮಿಲ್ಲರ್ ಅನ್ನೋ ವಕೀಲರನ್ನ ಹಿಡಿದು ಕೋರ್ಟಲ್ಲಿ ನಿಂತು 1945ರಲ್ಲಿ ಗೆದ್ರು. ಇಂಥ ಷರತ್ತುಗಳನ್ನ ಕೋರ್ಟುಗಳು ಜಾರಿ ಮಾಡೋ ಹಾಗಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಪರದೆ ಮೇಲೆ ಬಿಳಿಯರ ಮನೆ ಗುಡಿಸಿದವರು, ಬಿಳಿಯರ ಬೀದೀಲಿ ಸ್ವಂತ ಮನೆ ಉಳಿಸ್ಕೊಂಡವರೂ ಅವ್ರೇ ಸರ್.

1952ರಲ್ಲಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡ್ರು. ಹಾಲಿವುಡ್ ಸ್ಮಶಾನದಲ್ಲೇ ಮಣ್ಣಾಗಬೇಕು ಅನ್ನೋದು ಆಸೆ, ಕಪ್ಪು ಜನರಿಗೆ ಜಾಗ ಇಲ್ಲ ಅಂದ್ರು. 1999ರಲ್ಲಿ ಅಲ್ಲೊಂದು ಸ್ಮಾರಕ ಕಲ್ಲು ನೆಟ್ಟಿದ್ದಾರೆ, ಸಮಾಧಿ ಇರೋದು ಮಾತ್ರ ಬೇರೆ ಕಡೆ.

ಇನ್ನು ನೀವು ಕೇಳಿದ ಆ ಹಲಗೆ, ಅದನ್ನ ಅವರು ಹೊವಾರ್ಡ್ ಯೂನಿವರ್ಸಿಟಿಗೆ ಬರೆದಿಟ್ಟಿದ್ರು. ಕೆಲವು ವರ್ಷ ಅಲ್ಲಿತ್ತು, ಆಮೇಲೆ ಕಾಣೆ, ಸಿಗಲೇ ಇಲ್ಲ. 2023ರ ಅಕ್ಟೋಬರಲ್ಲಿ ಆಸ್ಕರ್ ಕೊಡೋ ಅಕಾಡೆಮಿಯವರು ಇನ್ನೊಂದು ಮಾಡಿಸಿ ಕೊಟ್ರು, ಅದೂ ಬೊಂಬೆ ಅಲ್ಲ, ಹಲಗೇನೇ.